ಟ್ಯಾಬು, ಟೇಬಲ್ಲು ಮತ್ತು ಔರಾದಿನ ಜಾತ್ರೆ

ಬೀದರ್ ಜಿಲ್ಲೆಯಲ್ಲಿ ಮೈಕಿಲ್ಲದ ತಿಂಗಳಿಲ್ಲ. ಶಿವರಾತ್ರಿಯ ಹೊತ್ತಿಗೆ ಔರಾದಿನಲ್ಲಿ ಅಮರೇಶ್ವರ ಜಾತ್ರೆ, ಬಿಸಿಲು ಏರಿದಾಗ ಭಾಲ್ಕಿಯಲ್ಲಿ ಬಸವ ಜಯಂತಿ, ಬೀದರ್ ನಗರದ ನಾನಕ್ ಝಿರಾದಲ್ಲಿ ಕೀರ್ತನೆ, ಅಷ್ಟೂರಿನಲ್ಲಿ ಅಹ್ಮದ್ ಶಾ ವಲಿಯ ಉರುಸು. ನಡುನಡುವೆ ಮದುವೆ, ಸಭೆ, ಭಜನೆಯ ಸಪ್ತಾಹ. ಹಾಡುವವರ ಹೆಸರು ಕರಪತ್ರದಲ್ಲಿ ಬರುತ್ತದೆ, ಮಾತಾಡುವವರ ಹೆಸರು ಬ್ಯಾನರಿನಲ್ಲಿ ಬರುತ್ತದೆ. ಅವರ ದನಿಯನ್ನು ಹಿಂದಿನ ಸಾಲಿನ ತನಕ ಒಯ್ಯುವವನ ಹೆಸರು ಮೈಕು ಕೀರಲು ಕೂಗಿದಾಗ ಮಾತ್ರ ಜನರ ಬಾಯಿಗೆ ಬರುತ್ತದೆ, ಅದೂ ಬೈಗುಳದ ಜೊತೆಗೆ.

ಈ ಕಸುಬಿನ ಕೆಲವರ ಕೈಗೆ ಈಗ ಟ್ಯಾಬ್ ಬಂದಿದೆ. ಗಾಜಿನ ಮೇಲೆ ಬೆರಳಾಡಿಸಿ ಇಡೀ ಮೈದಾನದ ಆವಾಜನ್ನು ಏರಿಸುವುದು, ಇಳಿಸುವುದು. ಇದು ಕಸುಬಿಗೆ ಬಂದ ಹೊಸ ಕೈಯೋ, ಇದ್ದ ಕೈಯನ್ನು ಕಸಿದುಕೊಳ್ಳಲು ಬಂದದ್ದೋ ಎಂಬುದಕ್ಕೆ ನನ್ನಲ್ಲಿ ಒಂದೇ ಉತ್ತರವಿಲ್ಲ. ಅದಕ್ಕೇ ಇಬ್ಬರನ್ನು ಮಾತಿಗೆ ಬಿಟ್ಟಿದ್ದೇನೆ. ಒಬ್ಬರು ಭೋಂಗಾ (ಕಹಳೆ ಬಾಯಿಯ ಸ್ಪೀಕರು) ಕಟ್ಟಿ, ಆಂಪ್ಲಿಫೈಯರ್ ಬಿಚ್ಚಿ ಜೋಡಿಸಿ ತಲೆ ನೆರೆಸಿಕೊಂಡ ಮೈಕ್‌ಸೆಟ್ಟಿನ ಹಿರಿಯರು. ಇನ್ನೊಬ್ಬ ಹೈದರಾಬಾದಿನ ಸ್ಟುಡಿಯೋದಲ್ಲಿ ಕೆಲಸ ಕಲಿತು ಊರಿಗೆ ಮರಳಿದ ಹುಡುಗ. ಇಂಥವರೇ ಎಂದು ಬೆರಳು ಮಾಡಿ ತೋರಿಸುವಂತಿಲ್ಲ. ಬೀದರ್‌ನಿಂದ ಔರಾದಿಗೆ ಹೊರಟ ಗಾಡಿಗೆ ಸಾಮಾನು ಏರಿಸುವ ಹೊತ್ತು ಎಂದಿಟ್ಟುಕೊಳ್ಳಿ.

ಹಿರಿಯರು: ಬಾಕ್ಸ್ ಏರ್ಯಾವ, ಸ್ಟ್ಯಾಂಡ್ ಏರ್ಯಾವ, ಕೇಬಲ್ ಪೆಟಗಿ ಏರೇದ. ಮಿಕ್ಸರ್ ಎಲ್ಲದ?

ಹುಡುಗ: ಏರಿಸೀನಿ ಕಾಕಾ. ಆ ಕರೀ ಡಬ್ಬಿ ಅದ ನೋಡ್ರಿ, ಅದೇ.

ಹಿರಿಯರು: ಅದಕ್ಕ ಬರೇ ತೂತು ಅವ. ತಿರುವ್ಲಾಕ ಗುಂಡಿ ಎಲ್ಲಿ?

ಹುಡುಗ: ಗುಂಡಿ ಈ ಟ್ಯಾಬಿನಾಗ. ಡಬ್ಬಿ ಸ್ಟೇಜ್ ಮ್ಯಾಲೇ ಇರ್ತದ, ಹದಿನಾರು ಮೈಕ್ ಅದಕ್ಕೇ ಹಚ್ಚೋದು. ಸ್ಟೇಜಿನಿಂದ ನಿಮ್ಮ ಟೇಬಲ್ ತನಕಾ ಆ ದಪ್ಪ ವೈರ್ ಎಳೀತಿದ್ರಿ, ಮಂದಿ ಅದಕ್ಕ ಎಡವಿ ಬೀಳ್ತಿದ್ರು. ಇನ್ನ ಅದು ಬ್ಯಾಡ.

ಹಿರಿಯರು: ಅಂದ್ರ ಹಾಡೋರ ಆವಾಜ್ ಗಾಳಿಯಾಗ ಹಾರಿ ನಿನ್ನ ಟ್ಯಾಬಿಗೆ ಬಂದು, ಮತ್ತ ಹಾರಿ ಬಾಕ್ಸಿಗೆ ಹೋಗ್ತದ? ಅದರ ಬ್ಯಾಟ್ರಿ ಮುಗದ್ರ ಇಡೀ ಜಾತ್ರಿ ಮೂಕ.

ಹುಡುಗ: ಎಲ್ಲಾರೂ ಹಂಗೇ ತಿಳೀತಾರ. ಟ್ಯಾಬಿನಾಗ ಆವಾಜ್ ಹಾಯೋದೇ ಇಲ್ಲ ಕಾಕಾ. ಲೆಕ್ಕ ಎಲ್ಲಾ ಡಬ್ಬಿ ಒಳಗೇ ನಡೀತದ. ಟ್ಯಾಬ್ ಅಂದ್ರ ಬರೇ ಹುಕುಂ ಹೇಳೋದು. ಅದು ಬಂದಾತು ಅನ್ರಿ, ಆವಾಜ್ ಇದ್ದಂಗೇ ನಡದಿರ್ತದ. ಬದಲಿ ಮಾಡ್ಲಾಕ ಆಗಂಗಿಲ್ಲ, ಅಷ್ಟೇ.

ಹಿರಿಯರು: ಮೈಕ್ ಕೂಗ್ಲತ್ತದ, ಬದಲಿ ಮಾಡ್ಲಾಕ ಆಗಂಗಿಲ್ಲ. ‘ಅಷ್ಟೇ’ ಅಂತಿ.

ಹುಡುಗ: ಅದು ಖರೇ. ಮಂದಿ ತುಂಬಿದ ಮ್ಯಾಲ ಒಬ್ಬೊಬ್ರ ಕಿಸೆದಾಗ ಒಂದೊಂದು ಫೋನು. ಡಬ್ಬಿ ಒಳಗಿನ ವೈಫೈ 2.4 ಗಿಗಾಹರ್ಟ್ಸಿಂದು, ಅದರಾಗ ಒಂದರ ಮ್ಯಾಲ ಒಂದು ಬೀಳದ ಚಾನೆಲ್ ಮೂರೇ ಸಿಗ್ತಾವ: 1, 6, 11. ಸಂಜಿಗೆ ಮೈದಾನ ಖಾಲಿ ಇದ್ದಾಗ ಛಲೋ ನಡೀತದ, ರಾತ್ರಿ ಎಂಟಕ್ಕ ಟ್ಯಾಬ್ ಕೈ ಕೊಡ್ತದ. ಮತ್ತ ಮನಷ್ಯಾರ ಮೈಯಾಗ ನೀರೇ ಹೆಚ್ಚು, ಅದು ಆ ಸಿಗ್ನಲ್ ನುಂಗ್ತದ. ಅದಕ್ಕೇ ನಾ ಬ್ಯಾರೆ ರೌಟರ್ ತಗೊಂಡೀನಿ, 5 ಗಿಗಾಹರ್ಟ್ಸಿಂದು. ಅದನ್ನ ಮಂದಿ ತಲಿಗಿಂತ ಎತ್ತರ, ಬಾಕ್ಸಿನ ಸ್ಟ್ಯಾಂಡಿಗೆ ಕಟ್ತೀನಿ. ಒಂದು ಲ್ಯಾಪ್‌ಟಾಪಿಗೆ ಡಬ್ಬಿಯಿಂದ ನೇರ ವೈರ್ ಹಾಕಿ ಇಟ್ಟಿರ್ತೀನಿ.

ಹಿರಿಯರು: ವೈರ್ ಬ್ಯಾಡ ಅಂದಿ, ಮತ್ತ ವೈರಿಗೇ ಬಂದಿ.

(ಇಲ್ಲಿ ಹಿರಿಯರು ಗೆದ್ದರು ಅನ್ನಿಸಬಹುದು. ಹುಡುಗ ತನ್ನ ನಿಜವಾದ ವಾದ ಇನ್ನೂ ತೆಗೆದಿಲ್ಲ. ವೈರು ಉಳಿತಾಯವಾಗುತ್ತದೆ, ಗುಂಡಿ ಹೋಗುತ್ತದೆ ಎಂಬುದೆಲ್ಲ ಅಂಗಡಿಯವನು ಮಾರುವಾಗ ಹೇಳುವ ಮಾತು.)

ಹುಡುಗ: ಒಂದು ಕೇಳ್ತೀನಿ. ಭಾಲ್ಕಿಯಾಗ ಬಸವ ಜಯಂತಿಗೆ ನೀವು ಮೈಕ್ ಹಾಕ್ದಾಗ ಟೇಬಲ್ ಎಲ್ಲಿ ಇಡ್ತಿದ್ರಿ?

ಹಿರಿಯರು: ಸ್ಟೇಜಿನ ಬಾಜೂಕ. ಮತ್ತೆಲ್ಲಿ?

ಹುಡುಗ: ಅಲ್ಲಿ ಕುಂತ್ರ ನಿಮಗ ಹಿಂದಿನ ಸಾಲಿನ ಆವಾಜ್ ಕೇಳ್ತಿತ್ತೇನು?

ಹಿರಿಯರು: ಹ್ಯಾಂಗ ಕೇಳ್ತದ. ಒಂದು ಹುಡುಗನ್ನ ಹಿಂದ ನಿಲ್ಲಿಸ್ತಿದ್ದೆ. ಕಮ್ಮಿ ಆದ್ರ ಕೈ ಮ್ಯಾಲ ಎತ್ತು, ಜಾಸ್ತಿ ಆದ್ರ ಕೆಳಗ ಮಾಡು ಅಂತ ಹೇಳಿ. ಅರ್ಧಾ ತಾಸಿಗೆ ಅವ ಐಸ್‌ಕ್ರೀಂ ಗಾಡಿ ಹತ್ರ ಹೋಗಿರ್ತಿದ್ದ.

ಹುಡುಗ: ನಾನೇ ಹೋಗ್ತೀನಿ ಈಗ. ಟ್ಯಾಬ್ ಹಿಡಕೊಂಡು ಹಿಂದಿನ ಸಾಲಿನಾಗ, ಹೆಣ್ಮಕ್ಕಳು ಕುಂತಲ್ಲಿ, ಗ್ವಾಡಿ ಬಾಜೂಕ. ಅಲ್ಲಿ ನಿಂತು ಅಲ್ಲೇ ಸರಿ ಮಾಡ್ತೀನಿ. ಸ್ಟೇಜಿನಿಂದ 60 ಮೀಟರ್ ಹಿಂದ ಇನ್ನೊಂದು ಜೋಡಿ ಬಾಕ್ಸ್ ಇಟ್ಟೀವಿ ಅನ್ರಿ. ಮುಂದಿನ ಬಾಕ್ಸಿನ ಆವಾಜ್ ಅಲ್ಲಿ ಮುಟ್ಲಾಕ ಸುಮಾರು 170 ಮಿಲಿಸೆಕೆಂಡ್ ಬೇಕು. ಹಿಂದಿನ ಬಾಕ್ಸಿಗೆ ವೈರಿನಾಗ ಆ ಕ್ಷಣಕ್ಕೇ ಮುಟ್ಟಿರ್ತದ. ಒಂದು ಅಕ್ಷರ ಮುಗಿಯೋದ್ರಾಗ ಅದೇ ಅಕ್ಷರ ಮತ್ತೊಮ್ಮಿ ಬಂದು ಮ್ಯಾಲ ಬೀಳ್ತದ. ಹಿಂದಿನ ಜೋಡೀನ ಅಷ್ಟೇ ತಡಾ ಮಾಡಿದ್ರ ಎರಡೂ ಕೂಡ್ತಾವ. ಬಿಸಿಲಿಗೆ ಈ ಲೆಕ್ಕಾನೂ ಜರಾ ಸರೀತದ. 20 ಡಿಗ್ರಿಗೆ ಆವಾಜ್ ಸೆಕೆಂಡಿಗೆ 343 ಮೀಟರ್ ಓಡ್ತದ, 40 ಡಿಗ್ರಿಗೆ 355ರ ಸನ್ಯಾಕ ಹೋಗ್ತದ. ಲೆಕ್ಕ ಟೇಬಲ್ ಮುಂದ ಕುಂತೂ ಹಾಕಬಹುದು. ಸರಿ ಬಂತೋ ಇಲ್ಲೋ ಅನ್ನೋದು ಹಿಂದ ನಿಂತವನಿಗೇ ತಿಳೀತದ.

ಹಿರಿಯರು: ಇದು ಒಪ್ಪಬೇಕಾದ ಮಾತು. ನಾವು ಕಂಬಕ್ಕೊಂದು ಭೋಂಗಾ ಕಟ್ತಿದ್ದೆವು. ಒಂದು ಕಂಬದ್ದು ಮುಗಿಯೋದ್ರಾಗ ಇನ್ನೊಂದು ಕಂಬದ್ದು ಬರ್ತಿತ್ತು. ಮಂದೀನೂ ಜಾತ್ರಿ ಅಂದ್ರ ಹಿಂಗೇ ಅಂತ ತಿಳದಿದ್ರು. ಆದ್ರ ಭಾಲ್ಕಿ ಮಠ ಅಂದ್ರ ಹೊರಗ ಉರ್ದು ಬೋರ್ಡ್ ಹಾಕಿ ಒಳಗ ಕನ್ನಡ ಕಲಿಸಿದ ಮಠ. ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲಕ್ಕ ಅಷ್ಟು ತ್ರಾಸ ತಗೊಂಡು ಉಳಿಸಿದ ಭಾಷಾ. ಅಲ್ಲಿ ವಚನದ ಒಂದು ಅಕ್ಷರ ನುಂಗಿದ್ರೂ ನನ್ನ ಹೊಟ್ಟ್ಯಾಗ ಕಸಿವಿಸಿ ಆಗ್ತಿತ್ತು. ಹಿಂದ ಹೋಗಿ ಕೇಳ್ಬೇಕು ಅಂತ ನನಗೂ ಇತ್ತು. ಟೇಬಲ್ ಬಿಟ್ಟು ಏಳೋ ಹಂಗ ಇರ್ಲಿಲ್ಲ.

ಹುಡುಗ: ಅದೇ ಅಂತೀನಿ. ಟ್ಯಾಬ್ ಕಾಲಿಗೆ ಹಾದಿ ಮಾಡ್ತು.

ಹಿರಿಯರು: ಕಾಲಿಗೆ ಕೊಟ್ಟು ಕೈಯಿಂದ ಕಸಗೊಂಡದ. ಕೇಳು. ಹಳೇ ಮಿಕ್ಸರಿನ ಮ್ಯಾಲ ನನ್ನ ಎಡಗೈ ತಬಲಾದ ಗುಂಡಿ ಮ್ಯಾಲ, ಬಲಗೈ ಹಾಡೋರ ಗುಂಡಿ ಮ್ಯಾಲ. ಕಣ್ಣು ಸ್ಟೇಜ್ ಮ್ಯಾಲ. ಹಾಡವ್ವ ಉಸಿರು ತಗೊಂಡ್ಲು ಅಂದ್ರ ತಾರಕಕ್ಕ ಹೋಗ್ತಾಳ ಅಂತ ಗೊತ್ತಾಗಿ ಮೊದಲೇ ಒಂದು ಎಳೆ ಇಳಿಸಿರ್ತೀನಿ. ಗುಂಡಿ ಎಲ್ಲದ ಅಂತ ಕೆಳಗ ನೋಡ್ಲಾಕ ಹೋದ್ರ ಆ ಕ್ಷಣ ಹೋತು. ನಿನ್ನ ಗಾಜು ಎಲ್ಲಾ ಕಡಿ ಒಂದೇ ನುಣುಪು. ಬೆರಳಿಗೆ ಏನು ಗೊತ್ತಾಗ್ತದ?

ಹುಡುಗ: ನೋಡೇ ಮಾಡ್ಬೇಕು, ಅದು ಖರೇ.

ಹಿರಿಯರು: ಮತ್ತ ಒಂದು ಪುಟದಾಗ ಎಂಟು ಗುಂಡಿ ಕಾಣ್ತಾವ, ಉಳಿದಾವ ಮುಂದಿನ ಪುಟದಾಗ. ಪುಟ ತಿರುವೋದ್ರಾಗ ಪಖವಾಜದವ ಒಂದು ಪೆಟ್ಟು ಹಾಕಿ ಮುಗಿಸಿರ್ತಾನ.

ಹುಡುಗ: ಅದಕ್ಕ ದಾರಿ ಅದ. ಬೇಕಾದ ಗುಂಡಿ ಅಷ್ಟನ್ನ ಒಂದೇ ಪುಟಕ್ಕ ತಂದು ಇಡಬಹುದು. ಹಾಡೋರು ಎಲ್ಲಾರನ್ನೂ ಒಂದು ಗುಂಡಿಗೆ, ವಾದ್ಯ ಎಲ್ಲಾ ಒಂದು ಗುಂಡಿಗೆ ಕಟ್ಟಬಹುದು. ಮೋಟಾರ್ ಇರೋ ಗುಂಡಿಯ ಬೋರ್ಡೂ ಸಿಗ್ತದ. ಡಬ್ಬಿಗೆ ಹಚ್ಚಿದ್ರ ಕೈಗೆ ಗುಂಡಿ ಬಂತು, ಟ್ಯಾಬೂ ಉಳೀತು.

ಹಿರಿಯರು: ನೋಡ್ದ್ಯಾ, ಸುತ್ತಿ ಬಳಸಿ ಅಲ್ಲಿಗೇ ಬಂದಿ. ಇದನ್ನ ಮಾಡಿದ ಕಂಪನ್ಯಾರಿಗೂ ಗೊತ್ತದ. ಗುಂಡಿ ಬ್ಯಾಡ ಆಗಿದ್ರ ದೊಡ್ಡ ಮಿಕ್ಸರ್ ಮಾರೋದು ಬಿಡ್ತಿದ್ರಲ್ಲ?

ಹುಡುಗ: ಬಿಟ್ಟಿಲ್ಲ. 2010ರಾಗ ಐಪ್ಯಾಡ್ ಬಂತು. ಅದೇ ವರ್ಷ ಯಮಹಾದವರು ತಮ್ಮ ದೊಡ್ಡ ಮಿಕ್ಸರಿಗೆ ಒಂದು ಆಪ್ ಕೊಟ್ರು. ಗುಂಡಿ ತಗೀಲಿಲ್ಲ, ತಿರುಗಾಡ್ಲಾಕ ಒಂದು ಟ್ಯಾಬ್ ಸೇರಿಸಿದ್ರು. 2012ರಾಗ ಮ್ಯಾಕಿ ಕಂಪನಿಯವರು ಏರಿಸಿ ಇಳಿಸೋ ಸರಿಗುಂಡಿಯೇ ಇಲ್ಲದ ಮಿಕ್ಸರ್ ಮಾಡಿದ್ರು, ಹದಿನಾರು ಚಾನೆಲ್ಲಿಂದು. ಐಪ್ಯಾಡನ್ನ ಅದರ ಎದಿ ಮ್ಯಾಲೇ ಸರಿಸಿ ಕೂಡಸೋದು.

ಹಿರಿಯರು: ಈಗೂ ನಡೀತದೇನು ಅದು?

ಹುಡುಗ: ಅದೇ ವರ್ಷ ಸಪ್ಟೆಂಬರಿನಾಗ ಆ್ಯಪಲ್‌ನವರು ಚಾರ್ಜಿಂಗ್ ಪಿನ್ನೇ ಬದಲಿ ಮಾಡಿದ್ರು. ಹೊಸಾ ಐಪ್ಯಾಡ್ ಆ ಖಾನೆದಾಗ ಕೂಡ್ಲೇ ಇಲ್ಲ. ಆಮ್ಯಾಲ ಮ್ಯಾಕಿಯವರು ಬ್ಯಾರೆ ಖಾನೆ ಮಾಡಿ ಕೊಟ್ರು.

ಹಿರಿಯರು: (ನಗುತ್ತ) ಒಂದು ವರ್ಷಾನೂ ಬಾಳಿಕೆ ಬರ್ಲಿಲ್ಲ! ನನ್ನ ಅಹುಜಾ ಆಂಪ್ಲಿಫೈಯರ್ ನೋಡು. ಅದಕ್ಕ ವಯಸ್ಸು ಎಷ್ಟು ಅಂತ ನನಗೇ ನೆನಪಿಲ್ಲ. ಕರೆಂಟ್ ಹೋತು ಅಂದ್ರ 12 ವೋಲ್ಟಿನ ಗಾಡಿ ಬ್ಯಾಟ್ರಿ ಹಚ್ಚು, ನಡೀತದ. ನಿನ್ನ ಡಬ್ಬಿ ಕರೆಂಟ್ ಹೋಗಿ ಬಂದ್ರ ಮೊದಲ ಎಚ್ಚರ ಆಗ್ಬೇಕು, ಮುಖಾ ತೊಳೀಬೇಕು, ಆಮ್ಯಾಲ ಮಾತಾಡ್ತದ.

ಹುಡುಗ: ಯುಪಿಎಸ್ ಇಟ್ಟೀನಿ ಕಾಕಾ.

ಹಿರಿಯರು: ಕೇಳು ಇನ್ನೂ. ಭೋಂಗಾದ ಲೈನು 100 ವೋಲ್ಟಿಂದು. ಯಾಕ ಹಂಗ ಮಾಡಿದ್ರು? ವೋಲ್ಟೇಜ್ ಏರಿಸಿದ್ರ ಕರೆಂಟ್ ಕಮ್ಮಿ ಸಾಕು, ಸಣ್ಣ ವೈರಿನಾಗ ಊರ ಆ ಕಡಿಗಿನ ತನಕಾ ಒಯ್ಯಬಹುದು. ಒಂದು ಭೋಂಗಾ ಕೆಟ್ರ ಉಳಿದಾವ ಕೂಗ್ತಾವ. ಕೆಟ್ಟಿದ್ದನ್ನ ನಾನೇ ಬಿಚ್ಚಿ ಬೆಸಗಿ ಹಾಕ್ತೀನಿ. ನಿನ್ನ ಟ್ಯಾಬ್ ಕೆಟ್ರ ಬೀದರ್‌ನಾಗ ಯಾರು ಬಿಚ್ತಾರ? ಗಾಜು ಒಡೆದ್ರ ಹೊಸಾ ಗಾಜು ಹಾಕ್ಯಾರು. ಆಪ್ ನಡೀಲಿಲ್ಲ ಅಂದ್ರ ಯಾರ ಮನಿಗೆ ಹೋಗ್ತಿ?

ಹುಡುಗ: ಅಂಥಾ ಹೊತ್ತಿಗೆ ಇನ್ನೊಂದು ಟ್ಯಾಬಿಗೆ ಹಾಕ್ತೀನಿ. ಆಪ್ ಪುಗಸೆಟ್ಟೆ ಸಿಗ್ತದ. ಅದೂ ಇಲ್ಲಂದ್ರ ನನ್ನ ಫೋನೇ ಸಾಕು. ಕೆಲವು ಡಬ್ಬಿಗಿ ಆಪೂ ಬ್ಯಾಡ, ಬ್ರೌಸರಿನಾಗೇ ತೆರೀತದ. ನಿಮ್ಮ ಮಿಕ್ಸರ್ ಕೆಟ್ಟ ದಿನ ಇನ್ನೊಂದು ಮಿಕ್ಸರ್ ಎಲ್ಲಿಂದ ತರ್ತಿದ್ರಿ?

(ಹಿರಿಯರು ಇದಕ್ಕೆ ಉತ್ತರಿಸಲಿಲ್ಲ. ಗಾಡಿಯ ಹಗ್ಗ ಬಿಗಿಮಾಡಿ ಬಂದು ಬೇರೆ ಕಡೆಯಿಂದ ಶುರುಮಾಡಿದರು. ಇದು ಜಗಳದಲ್ಲಿ ಪಳಗಿದವರ ರೀತಿ.)

ಹಿರಿಯರು: ಭಾಲ್ಕಿಯಾಗ ವೈಶಾಖದ ಬಿಸಿಲು ನಿನಗ ಗೊತ್ತದಲ್ಲ. ಮಧ್ಯಾಹ್ನ ಮೆರವಣಿಗಿ ನಡದಾಗ ನಿನ್ನ ಗಾಜಿನಾಗ ಏನು ಕಾಣ್ತದ?

ಹುಡುಗ: ನನ್ನ ಮುಖಾ ಕಾಣ್ತದ. ಖರೇ ಹೇಳ್ತೀನಿ, ಹಗಲಿನ ಕೆಲಸಕ್ಕ ಇದು ಕಚ್ಚಾ. ಆ್ಯಪಲ್‌ನವರೇ ಬರದಾರ, 35 ಡಿಗ್ರಿ ಒಳಗ ಬಳಸ್ರಿ ಅಂತ. ನಮ್ಮಲ್ಲಿ ಏಪ್ರಿಲ್‌ನಾಗ ನೆರಳೇ 40 ದಾಟ್ತದ. ಕಾದು ಮೊದಲ ಬೆಳಕು ಕಮ್ಮಿ ಮಾಡ್ತದ, ಆಮ್ಯಾಲ ‘ತಣ್ಣಗಾಗೋ ತನಕಾ ಬ್ಯಾಡ’ ಅಂತ ಬರದು ಕೂಡ್ತದ. ಒದ್ದಿ ಅರಿವಿ ಹಿಡದು ಛತ್ರಿ ಕೆಳಗ ಕುಂತೀನಿ. ಬೆವತ ಬೆರಳು ಒಂದು ಗುಂಡಿ ಮುಟ್ಟಿದ್ರ ಇನ್ನೊಂದು ಸರೀತದ.

ಹಿರಿಯರು: ಹಗಲು ನಂದು, ರಾತ್ರಿ ನಿಂದು ಅನ್ನು.

ಹುಡುಗ: ರಂಗಮಂದಿರದಾಗ ಹಗಲೂ ನಂದೇ. ಬೀದರ್‌ನ ಪಟ್ಟದ್ದೇವರ ರಂಗಮಂದಿರದಂಥಾ ಹಾಲಿನಾಗ ಮಿಕ್ಸರಿಗೆ ಅಂತ ನಡುವ ಎಂಟು ಖುರ್ಚಿ ತಗಿಸ್ಬೇಕು, ಇಲ್ಲಾ ಮೂಲ್ಯಾಗ ಕೂಡ್ಬೇಕು. ಟ್ಯಾಬ್ ಇದ್ರ ಒಂದು ಖುರ್ಚಿ ಸಾಕು.

ಹಿರಿಯರು: ಅದಿರ್ಲಿ. ನೀ ಟ್ಯಾಬಿನಾಗ ಬಣ್ಣದ ಕಂಬ ಕುಣಿಯೋದು ನೋಡ್ತಿರ್ತಿ. ಅದೇನದು?

ಹುಡುಗ: ಯಾವ ಕಂಪನ ಎಷ್ಟು ಅದ ಅಂತ ತೋರಿಸ್ತದ. ಮೈಕ್ ಕೂಗ್ಲಾಕ ಸುರು ಆಗೋಕಿಂತ ಮೊದಲೇ ಒಂದು ಕಂಬ ಏಳ್ತದ. 2,500 ಹರ್ಟ್ಸ್ ಅಂತ ಗೊತ್ತಾತು ಅಂದ್ರ ಅದೊಂದನ್ನೇ ಚೂರು ಕಡಿಮಿ ಮಾಡಿದ್ರ ಮುಗೀತು. ಮೂವತ್ತೊಂದು ಗುಂಡಿ ಇರ್ತಾವ ಅದಕ್ಕ.

ಹಿರಿಯರು: ನನಗ ಕಂಬ ಬ್ಯಾಡ. ಸಿಳ್ಳೆ ಕೇಳಿದ್ರೇ ಯಾವ ಗುಂಡಿ ಅಂತ ಕೈ ಹೋಗ್ತದ. ನಿಮ್ಮ ವಯಸ್ಸಿನವರು ಕಣ್ಣಿಲೇ ಕೇಳ್ತೀರಿ. ಕಂಬ ಎಲ್ಲಾ ಸಮ ಆದ್ರ ಆವಾಜ್ ಛಲೋ ಆತು ಅಂತ ತಿಳೀತೀರಿ. ಔರಾದ್ ಕಡಿ ಭಜನಿ ಮಂಡಳಿದವರು ಇದ್ದಾರ, ಅವರಿಗೆ ತಾಳದ ಚುರುಕು ಕಿವಿಗೆ ಚುಚ್ಚಬೇಕು. ನೀ ಅದನ್ನ ಸಮ ಮಾಡಿದ್ರ ‘ಆವಾಜ್ ಮೇಲಾ’ ಅಂತಾರ, ಆವಾಜ್ ಸತ್ತದ ಅಂತ.

ಹುಡುಗ: ಕಿವಿ ಇದ್ದವಗೇ ಕಂಬ ಉಪಯೋಗ. ಇಲ್ದಿದ್ರ ಇಲ್ಲ. ಆದ್ರ ಒಂದು ನೋಡ್ರಿ, ನೀವು ಸಿಳ್ಳೆ ಕೇಳಿ ಗುಂಡಿ ಹುಡುಕೋದು ಕಲೀಲಾಕ ಎಷ್ಟು ವರ್ಷ ಹಿಡೀತು? ಅಷ್ಟು ವರ್ಷ ಭಾಲ್ಕಿ, ಔರಾದ್ ಮಂದಿ ನಿಮ್ಮ ಸಿಳ್ಳೆ ಸಹಿಸಿದ್ರು. ನಾ ಕಂಬ ನೋಡಿ ಎರಡು ವರ್ಷದಾಗ ಕಲತೆ.

ಹಿರಿಯರು: ಅದಕ್ಕ ಉತ್ತರ ಕೊಡಂಗಿಲ್ಲ. ಭೋಂಗಾದ ಮಾತು ಹೇಳ್ತೀನಿ. ನೀ ಭೋಂಗಾ ಅಂದ್ರ ಮೂಗು ಮುರೀತಿ.

ಹುಡುಗ: ಸಂಗೀತಕ್ಕ ಬರಂಗಿಲ್ಲ ಅದು. ಕೆಳಗಿನ ಆವಾಜೇ ಇಲ್ಲ, ಮ್ಯಾಲಿನದೂ ಇಲ್ಲ.

ಹಿರಿಯರು: ನಡುವಿನದು ಅದಲ್ಲ? ಸ, ಶ, ಚ, ಟ, ತ — ಮಾತು ತಿಳಿಯೋದೇ ಇವುಗಳಿಂದ, ಅವು ಬಹಳಷ್ಟು ಆ ನಡುವಿನದರ ಮ್ಯಾಲಿನ ಅಂಚಿನಾಗೇ ಇರ್ತಾವ. ನಿನ್ನ ಬಾಕ್ಸಿನಾಗ ‘ಧಂ ಧಂ’ ಎದಿ ನಡಗಸ್ತದ, ಮಾತು ಗುಳುಗುಳು. ಭೋಂಗಾ ಕರ್ಕಶ, ಕಬೂಲ್. ಆದ್ರ ಹೊಲದಾಗ ನಿಂತವನಿಗೆ ‘ಸಂಜಿಗೆ ದನದ ಡಾಕ್ಟರ್ ಬರ್ತಾರ’ ಅನ್ನೋ ಮಾತು ಪೂರಾ ತಿಳೀತದ.

(ಮಾತಿಗೂ ಸಂಗೀತಕ್ಕೂ ಒಂದೇ ಸಾಮಾನು ಸಾಲದು ಎಂಬ ಇವರ ವಾದ ನನಗೆ ಹಿಡಿಸಿತು. ಎಷ್ಟೋ ಜಾತ್ರೆಗಳಲ್ಲಿ ಭಾರೀ ಬಾಕ್ಸುಗಳ ಮುಂದೆ ನಿಂತು ಒಂದು ಪ್ರಕಟಣೆಯೂ ತಿಳಿಯದೆ ವಾಪಸಾಗಿದ್ದೇವೆ.)

ಹುಡುಗ: ಸ್ಟೇಜ್ ಬಿಡ್ರಿ, ರೆಕಾರ್ಡಿಂಗಿಗೆ ಬರ್ರಿ. ಮೊದಲ ಈ ಕಡಿ ಹಾಡೋರ ಹಾಡು ರೆಕಾರ್ಡ್ ಆಗ್ಬೇಕಂದ್ರ ಎಲ್ಲಿಗೆ ಹೋಗ್ಬೇಕಿತ್ತು?

ಹಿರಿಯರು: ಕಲಬುರಗಿ ಆಕಾಶವಾಣಿಗೆ. 1966ರಾಗ ಸುರುವಾತು ಅದು. ಅದಕ್ಕಿಂತ ಮೊದಲ ಅದೂ ಇರ್ಲಿಲ್ಲ. ಅಲ್ಲಿ ಆಡಿಷನ್ ಆಗ್ಬೇಕು. ತತ್ವಪದದ ಮುದುಕ ರೈಲು, ಬಸ್ಸು ಹಿಡಿದು ಹೋಗಿ ಆ ಕೆಂಪು ದೀಪದ ಖೋಲಿಯಾಗ ಕುಂತ್ರ ಅರ್ಧಾ ದನಿ ಅಲ್ಲೇ ಹೋಗ್ತಿತ್ತು.

ಹುಡುಗ: ಈಗ ನಾನೇ ಅವನ ಮನಿಗೆ ಹೋಗ್ತೀನಿ. ಟ್ಯಾಬ್, ಎರಡು ಮೈಕ್, ನಡುವ ಒಂದು ಸಣ್ಣ ಆಡಿಯೋ ಇಂಟರ್‌ಫೇಸ್. ಎಲ್ಲಾ ಒಂದು ಚೀಲದಾಗ. ಗಾದಿ, ಕೌದಿ ಗ್ವಾಡಿಗೆ ಹಚ್ಚಿದ್ರ ಗುಂಯ್ ಅನ್ನೋದು ತಗ್ತದ. ಹೆಣ್ಮಕ್ಕಳು ಬುಲಾಯಿ ಪದ ಹಾಡೋದನ್ನ ಸ್ಟುಡಿಯೋಕ್ಕ ಕರಕೊಂಡು ಹೋಗಿ ಮಾಡಿಸ್ಲಾಕ ಆಗ್ತದೇನು? ಅಂಗಳದಾಗ ಹಾಡಿದ್ರೇ ಅದು ಪದ. ಟ್ಯಾಬಿನಾಗ ಫ್ಯಾನ್ ಇಲ್ಲ, ಆವಾಜ್ ಮಾಡಂಗಿಲ್ಲ, ಕರೆಂಟ್ ಹೋದ್ರೂ ನಡೀತದ. ಲ್ಯಾಪ್‌ಟಾಪ್ ತೆರದ್ರ ಮುದುಕಿಯರು ಕಚೇರಿಯಾಗ ಕುಂತಂಗ ಬಿಗೀತಾರ. ಟ್ಯಾಬ್ ಅಂದ್ರ ಮಮ್ಮಗ ಆಡೋ ಫೋನಿನ ದೊಡ್ಡಣ್ಣ, ಅಂಜಂಗಿಲ್ಲ.

ಹಿರಿಯರು: ಅದರಾಗೇ ಪೂರಾ ಹಾಡು ತಯಾರ್ ಆಗ್ತದೇನು?

ಹುಡುಗ: ಆಗ್ತದ. ಇಂಗ್ಲೆಂಡಿನ ಗೊರಿಲ್ಲಾಜ್ ತಂಡದವರು 2010ರಾಗೇ ಊರೂರು ತಿರಗ್ತಾ ಐಪ್ಯಾಡಿನಾಗ ಒಂದು ಆಲ್ಬಮ್ ಮಾಡಿದ್ರು. ಈಗಂತೂ ಸ್ಟುಡಿಯೋದವರ ಲಾಜಿಕ್ ಪ್ರೊ ಸಾಫ್ಟ್‌ವೇರೇ 2023ರಿಂದ ಐಪ್ಯಾಡಿಗೆ ಬಂದದ. ಕತ್ತರಿಸೋದು, ಜೋಡಿಸೋದು ಬೆರಳಿಲೇ.

ಹಿರಿಯರು: ನಿನ್ನ ಗೆಳೆಯ ಒಬ್ಬ ಹಂಗೇ ಮಾಡ್ಲಾಕ ಹೋಗಿ ತಾಳ ತಪ್ಪಿಸಿಕೊಂಡು ಬಂದಿದ್ದ.

ಹುಡುಗ: ಅವ ಬ್ಲೂಟೂತ್ ಹೆಡ್‌ಫೋನ್ ಹಾಕಿದ್ದ. ಅದು ಆವಾಜನ್ನ ಒಂದು-ಎರಡು ನೂರು ಮಿಲಿಸೆಕೆಂಡ್ ತಡಾ ಮಾಡ್ತದ. ಹಾಡವ್ವ ತಬಲಾ ಕೇಳಿ ಹಾಡಿದ್ರ ತಬಲಾ ಆಗ್ಲೇ ಮುಂದ ಹೋಗಿರ್ತದ. ವೈರಿನ ಹೆಡ್‌ಫೋನ್ ಹಾಕ್ಬೇಕು, ಬಫರ್ 128 ಸ್ಯಾಂಪಲ್ಲಿಗೆ ಇಡ್ಬೇಕು. ಆಗ ಅಲ್ಲಿಂದ ಆಗೋ ತಡಾ ಮೂರು ಮಿಲಿಸೆಕೆಂಡೂ ಇರಂಗಿಲ್ಲ. ಆಂಡ್ರಾಯ್ಡ್ ಟ್ಯಾಬಿನಾಗ ಒಂದೊಂದು ಕಂಪನೀದು ಒಂದೊಂದು ರೀತಿ, ನೋಡಿ ತಗೋಬೇಕು.

ಹಿರಿಯರು: ತಾಳದ ಮಾತು ಬಿಡು. ರೆಕಾರ್ಡ್ ಆದ ಹಾಡು ಎಲ್ಲಿ ಇರ್ತದ? ಕ್ಯಾಸೆಟ್ ಇದ್ದಾಗ ಮುದುಕಿ ಟ್ರಂಕಿನಾಗ ಇಟ್ಟು ಕೀಲಿ ಹಾಕ್ತಿದ್ಲು. ಸತ್ತ ಮ್ಯಾಲ ಮಗ ತಗದು ಕೇಳ್ತಿದ್ದ. ನಿನ್ನ ಟ್ಯಾಬ್ ತುಂಬಿದ ದಿನ ನೀ ಅಳಸ್ತಿ.

ಹುಡುಗ: ಅಳಸೀನಿ, ಕೆಲವು. ಅವರಿಗೆ ಪೆನ್‌ಡ್ರೈವಿಗೆ ಹಾಕಿ ಕೊಟ್ಟೆ. ಅವರ ಮನ್ಯಾಗ ಅದನ್ನ ಹಚ್ಚೋ ಟಿವಿ ಇತ್ತೋ ಇಲ್ಲೋ ಕೇಳ್ಲಿಲ್ಲ.

(ಇಷ್ಟರಲ್ಲಿ ಚಹಾ ಬಂತು. ರಾತ್ರಿ ಹತ್ತರ ನಂತರದ ಗದ್ದಲದ ಮಾತೂ ಬಂತು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಕೂಡದು. ವರ್ಷಕ್ಕೆ ಹೆಚ್ಚೆಂದರೆ 15 ದಿನ, ಹಬ್ಬ ಉತ್ಸವಗಳಿಗೆ, ಸರ್ಕಾರ ಮಧ್ಯರಾತ್ರಿಯವರೆಗೆ ಸಡಿಲಿಸಬಹುದು. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಟ್ಯಾಬಿನಲ್ಲಿ ಒಂದು ಮಟ್ಟಕ್ಕಿಂತ ಮೇಲೇರದಂತೆ ಲಿಮಿಟರ್ ಕಟ್ಟಬಹುದು ಎಂದ ಹುಡುಗ. ಡಿಜೆಯವನ ಬಾಯಿಗೂ ಲಿಮಿಟರ್ ಬರ್ತದೇನು ಎಂದರು ಹಿರಿಯರು. ಇದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲದ್ದರಿಂದ ಮಾತು ಬೇಗ ಮುಗಿಯಿತು.)

ಹಿರಿಯರು: ನನ್ನ ಖರೇ ತಕರಾರು ಇನ್ನೂ ಹೇಳಿಲ್ಲ. ನೀ ಟ್ಯಾಬ್ ಹಿಡಕೊಂಡು ಮಂದ್ಯಾಗ ತಿರಗ್ತಿ. ಟೇಬಲ್ ಮುಂದ ಯಾರು ಇರ್ತಾರ?

ಹುಡುಗ: ಟೇಬಲ್ಲೇ ಬ್ಯಾಡಲ್ಲ ಕಾಕಾ.

ಹಿರಿಯರು: ಬ್ಯಾಡ ಅಂತಿ. ಅಮರೇಶ್ವರ ಜಾತ್ರಿಗೆ ಬಾ, ತೋರಿಸ್ತೀನಿ. ದೇವಣಿ ಎತ್ತು ಕೊಳ್ಳೋರು, ಮಾರೋರು ಎಲ್ಲಾ ಬರ್ತಾರ. ಉದಗೀರ ಕಡಿಯವರು ಬರ್ತಾರ, ದೇಗಲೂರ ಕಡಿಯವರು ಬರ್ತಾರ. ಒಂದು ಕೂಸು ತಪ್ಪಿಸಿಕೊಂಡ್ರ ಅದನ್ನ ಯಾರ ಹತ್ರ ತರ್ತಾರ? ಪೋಲೀಸರ ಹತ್ರ ಅಲ್ಲ, ಮೈಕಿನವನ ಹತ್ರ. ‘ಇದರ ಅವ್ವ ಅಪ್ಪ ಬರ್ಬೇಕು’ ಅಂತ ನಾನೇ ಕನ್ನಡದಾಗ ಹೇಳ್ತೀನಿ, ಆಮ್ಯಾಲ ಮರಾಠಿಯಾಗ, ಆಮ್ಯಾಲ ಹಿಂದಿಯಾಗ. ಕೂಸಿಗೆ ಕೇಳಿದ್ರ ಅವ್ವನ ಹೆಸರು ‘ಅವ್ವ’ ಅಂತದ. ಅಂಗಿ ಬಣ್ಣಾ ಹೇಳ್ತೀನಿ, ಕಾಲಾಗ ಚಪ್ಪಲಿ ಅದೋ ಇಲ್ಲೋ ಹೇಳ್ತೀನಿ. ಅವ್ವ ಅಳ್ತಾ ಬರೋ ತನಕಾ ಕೂಸು ನನ್ನ ಟೇಬಲ್ ಮ್ಯಾಲ ಕುಂತು ಗುಂಡಿ ತಿರಗಸ್ತಿರ್ತದ. ಬಿದ್ದ ಪಾಕೀಟು, ಕಳದ ಎತ್ತು, ಊರ ಬಸ್ಸಿನ ಟೈಮು, ಯಾರ್ದೋ ಮನ್ಯಾಗ ತೀರಿಕೊಂಡ್ರು ಅನ್ನೋ ಸುದ್ದಿ — ಎಲ್ಲಾ ಆ ಟೇಬಲ್ಲಿಗೇ ಬರ್ತದ. ಬೈಯೋರೂ ಅಲ್ಲಿಗೇ ಬರ್ತಾರ. ‘ಏ, ಆವಾಜ್ ಕಮ್ಮಿ ಮಾಡೋ’ ಅಂತ ಬೈಲಾಕ ಒಂದು ಮನಷ್ಯಾ ಕಾಣ್ತಾನ. ನಿನ್ನ ಎಲ್ಲಿ ಹುಡುಕಿ ಬೈಬೇಕು? ಟ್ಯಾಬ್ ಹಿಡದು ನಿಂತವನ್ನ ನೋಡಿದ್ರ ವಿಡಿಯೋ ತಗೀಲತ್ತಾನ ಅಂತ ತಿಳೀತಾರ.

(ಹುಡುಗ ಇದನ್ನು ನಿರೀಕ್ಷಿಸಿರಲಿಲ್ಲ. ನಾನೂ ನಿರೀಕ್ಷಿಸಿರಲಿಲ್ಲ. ಆಡಿಯೋ ಎಂಜಿನಿಯರಿಂಗಿನ ಪಾಠದಲ್ಲಿ ಮಿಕ್ಸರ್ ಎಂದರೆ ದನಿಗಳನ್ನು ಬೆರೆಸುವ ಯಂತ್ರ. ಅದು ಜಾತ್ರೆಯಲ್ಲಿ ಒಂದು ವಿಳಾಸವೂ ಹೌದು ಎಂದು ಯಾವ ಕೈಪಿಡಿಯೂ ಬರೆಯುವುದಿಲ್ಲ.)

ಹುಡುಗ: ನೀವು ಹೇಳೋದು ತಿಳೀತು. ಆದ್ರ ಆ ಟೇಬಲ್ ಇದ್ದಿದ್ದು ಕೂಸಿನ ಸಲುವಾಗಿ ಅಲ್ಲ, ವೈರ್ ಅಲ್ಲಿಗಷ್ಟೇ ಮುಟ್ತಿತ್ತು ಅಂತ. ಕೂಸು ಆಮ್ಯಾಲ ಬಂತು. ಒಂದು ಟೇಬಲ್ ಇಡೋಣ, ಅದರ ಮ್ಯಾಲ ಒಂದು ಮೈಕ್. ನೀವು ಅಲ್ಲಿ ಕೂಡ್ರಿ, ನಾ ಹಿಂದಿನ ಸಾಲಿನಾಗ ಇರ್ತೀನಿ.

ಹಿರಿಯರು: ಮೈಕ್ ಕೊಟ್ಟು ಗುಂಡಿ ಕೊಡ್ದೇ ಕೂಡ್ರಿಸ್ತಿ. ಭಜನಿ ಜೋರಾಗಿ ನಡದಾಗ ಕೂಸು ಬಂತು ಅಂದ್ರ ಭಜನಿ ಆವಾಜ್ ಇಳಿಸಬೇಕು. ಯಾರು ಇಳಸ್ತಾರ?

ಹುಡುಗ: ಡಬ್ಬಿಯೇ ಇಳಸ್ತದ. ನಿಮ್ಮ ಮೈಕಿನಾಗ ಮಾತು ಬಂದ ಕೂಡ್ಲೇ ಉಳಿದ ಆವಾಜ್ ತಾನೇ ತಗ್ಗಂಗ ಕಟ್ಟಬಹುದು. ಮಾತು ನಿಂತ ಮ್ಯಾಲ ತಾನೇ ಏರ್ತದ.

ಹಿರಿಯರು: ನಾ ಕೆಮ್ಮಿದ್ರ?

ಹುಡುಗ: ಕೆಮ್ಮಿದ್ರೂ ತಗ್ತದ.

ಹಿರಿಯರು: ಕೂಸು ಅತ್ರ?

ಹುಡುಗ: ... ಅತ್ರೂ ತಗ್ತದ. ಎಷ್ಟು ಜೋರಿಗೆ ತಗ್ಗಬೇಕು ಅಂತ ನಾ ಮೊದಲೇ ಇಟ್ಟಿರ್ತೀನಿ.

ಹಿರಿಯರು: ಅಂದ್ರ ಭಜನಿ ಯಾವಾಗ ನಿಲ್ಲಬೇಕು ಅನ್ನೋದು ಮಧ್ಯಾಹ್ನಾನೇ ನೀ ಬರದು ಇಟ್ಟಿ. ಭಜನಿಯವರು ದೇವರ ಹೆಸರು ತಗೊಂಡು ಕಣ್ಣಾಗ ನೀರು ತಂದು ಹಾಡೋ ಹೊತ್ತಿಗೆ ನಾ ಒಂದು ನಿಮಿಷ ಕೂಸಿಗೆ ಬಿಸ್ಕಿಟ್ ಕೊಟ್ಟು ತಡೀತೀನಿ. ಚರಣ ಮುಗಿದ ಮ್ಯಾಲ ಹೇಳ್ತೀನಿ. ಆ ತಡಿಯೋದು ನಿನ್ನ ಡಬ್ಬಿಗಿ ಬರ್ತದೇನು? ನಂಗ ಒಂದೇ ಒಂದು ಗುಂಡಿ ಬೇಕು. ಒತ್ತಿದ್ರ ಇಳೀಬೇಕು, ಬಿಟ್ರ ಏರಬೇಕು. ಕೈಗೆ ಸಿಗೋ ಗುಂಡಿ, ಗಾಜಿಂದಲ್ಲ.

ಹುಡುಗ: ಕಾಲಿನ ಪೆಡಲ್ ಬರ್ತದ, ಮಿಡಿ ಪೆಡಲ್. ಡಬ್ಬಿಗಿ ಹಚ್ಚಬಹುದು. ಹೈದರಾಬಾದಿನಿಂದ ತರಿಸ್ಬೇಕು. ಇವತ್ತಿಗಿಲ್ಲ.

ಹಿರಿಯರು: ಇವತ್ತಿಗೆ?

ಹುಡುಗ: ಇವತ್ತು ನಿಮ್ಮ ಟೇಬಲ್ ನನಗ ಕಾಣೋ ಹಂಗ ನಿಂದರ್ತೀನಿ. ಭಜನಿ ಇಳಿಸಬೇಕು ಅನ್ನಿಸಿದ್ರ ನೀವು ಕೈ ಎತ್ರಿ.

ಹಿರಿಯರು: ಇಷ್ಟು ವರ್ಷ ಹುಡುಗರನ್ನ ಹಿಂದ ನಿಲ್ಲಿಸಿ ನಾ ಕೈ ಎತ್ತಿಸಿದೆ. ಈಗ ನಾನೇ ಕುಂತು ನಿನಗ ಕೈ ಎತ್ಬೇಕಾ?

ಹುಡುಗ: ನಾ ಐಸ್‌ಕ್ರೀಂ ಗಾಡಿ ಹತ್ರ ಹೋಗಂಗಿಲ್ಲ ಕಾಕಾ.

ಹಿರಿಯರು: ಪೆಡಲಿನ ರೊಕ್ಕ ಯಾರ್ದು?

ಹುಡುಗ: ಅರ್ಧಾ ಅರ್ಧಾ.

ಹಿರಿಯರು: ಟ್ಯಾಬ್ ತಗೊಂಡಾಗ ನನ್ನ ಕೇಳಿದ್ದೇನು? ಪೂರಾ ನಿಂದೇ.